ಚೀಲದ ಮೇಲೆ ಹೆಸರು ಬರೆಯಿರಿ



ನಮ್ಮಮ್ಮ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕ್ತಾರೆ. ಆ ಲೆಕ್ಕ ಕೂಡಿಸೋಕೆ ಒಂದು ಪ್ರೋಗ್ರಾಮ್ ಬರೆಯೋಣ ಅಂತ ದಸರಾ ರಜೆಯಲ್ಲಿ ದೊಡ್ಡಪ್ಪನ ಮಗ ಅಣ್ಣನ ಲ್ಯಾಪ್‌ಟಾಪ್ ಮುಂದೆ ಕೂತೆ. ಭಾಷೆ ಪೈಥಾನ್. ‘ಒಟ್ಟು’ ಎಂಬ ಫಂಕ್ಷನ್ ಮಾಡಿದೆ. ಫಂಕ್ಷನ್ ಅಂದರೆ ನಾವು ಕೊಟ್ಟದ್ದನ್ನು ತೆಗೆದುಕೊಂಡು ಒಂದು ಕೆಲಸ ಮಾಡಿಕೊಡುವ ಭಾಗ. ಕೊಟ್ಟದ್ದನ್ನು ಹಿಡಿದುಕೊಳ್ಳುವ ಹೆಸರುಗಳಿಗೆ ಪ್ಯಾರಾಮೀಟರ್ ಎನ್ನುತ್ತಾರೆ. ನನ್ನವು ಎರಡು: ಬೆಳಿಗ್ಗೆ, ಸಂಜೆ. ಬೆಳಿಗ್ಗೆ 4 ಲೀಟರ್, ಸಂಜೆ 3 ಲೀಟರ್ ಅಂತ ಒತ್ತಿದೆ. ಉತ್ತರ 43 ಬಂತು!

ನಾನು ನಕ್ಕೆ. ಅಮ್ಮ ನಗಲಿಲ್ಲ. “ಕಂಪ್ಯೂಟರೇ ಹೇಳಿದ ಮೇಲೆ ಸರಿಯಾಗೇ ಇರುತ್ತೆ ಬಿಡು” ಅಂದರು. ಆಗ ನನಗೆ ಭಯವಾಯಿತು. 43 ಅಂತ ಬಂದಿದ್ದಕ್ಕೆ ತಪ್ಪು ಗೊತ್ತಾಯಿತು. ಸಣ್ಣ ತಪ್ಪಾಗಿದ್ದರೆ ಅಮ್ಮನ ದುಡ್ಡಿನ ಗತಿ ಏನು?

ಕಾರಣ ಅಣ್ಣ ಹೇಳಿದ. ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪೈಥಾನ್ ಅಕ್ಷರ ಎಂದೇ ತಿಳಿಯುತ್ತದೆ. ಅಕ್ಷರಗಳನ್ನು ಕೂಡಿಸು ಎಂದರೆ ಪಕ್ಕಪಕ್ಕ ಜೋಡಿಸುತ್ತದೆ. ನನಗೆ ಬೇಕಾದ್ದು ಸಂಖ್ಯೆ ಅಂತ ನಾನು ಎಲ್ಲೂ ಬರೆದಿರಲಿಲ್ಲ.

ಹಿಟ್ಟಿನ ಮಿಲ್ಲಿಗೆ ಚೀಲ ಬಿಟ್ಟು ಬರುವಾಗ ‘ರಾಗಿ’ ಅಂತ ಚೀಟಿ ಇಡ್ತೀವಲ್ಲ, ಹಾಗೇ ಪ್ರತಿ ಪ್ಯಾರಾಮೀಟರಿನ ಪಕ್ಕ ಅದು ಸಂಖ್ಯೆಯೋ ಅಕ್ಷರವೋ ಎಂದು ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ರಾಗಿ ಬೀಸುವ ಮಿಷನ್ನಿಗೆ ಮೆಣಸಿನಕಾಯಿ ಬಿದ್ದು, ರಾತ್ರಿ ಮುದ್ದೆ ಉಂಡವರ ಕಣ್ಣಲ್ಲಿ ನೀರು!

1995ರಲ್ಲಿ ಬಂದ ಜಾವಾ ಭಾಷೆಯಲ್ಲಿ ಹೀಗೆ ಬರೆಯುವುದು ಕಡ್ಡಾಯ. ಸಂಖ್ಯೆ ಬೇಕಾದ ಕಡೆ ಅಕ್ಷರ ಕೊಟ್ಟರೆ ಪ್ರೋಗ್ರಾಮ್ ಓಡುವ ಮುಂಚೆಯೇ ತಪ್ಪು ತೋರಿಸುತ್ತೆ. 1991ರಲ್ಲಿ ಬಂದ ಪೈಥಾನ್‌ನಲ್ಲಿ ಕಡ್ಡಾಯವಿಲ್ಲ. 2015ರಲ್ಲಿ ಬಂದ 3.5ನೇ ಆವೃತ್ತಿಯಿಂದ ಅದರಲ್ಲೂ ಬಗೆ ಬರೆಯುವ ಒಂದೇ ರೀತಿಯ ಕ್ರಮ ಸಿಕ್ಕಿದೆ. ಆದರೆ ಪೈಥಾನ್ ಆ ಚೀಟಿಯನ್ನು ತಾನಾಗಿ ಪರೀಕ್ಷಿಸುವುದಿಲ್ಲ! ನಾನು ಬರೆದು ನೋಡಿದೆ, ಮತ್ತೆ 43. ಪರೀಕ್ಷಿಸಲು ಮೈಪೈ ಎಂಬ ಬೇರೆ ಸಾಧನ ಬೇಕು. ಒತ್ತಿದ ಅಕ್ಷರವನ್ನು ಸಂಖ್ಯೆಯಾಗಿ ಬದಲಾಯಿಸಿದ ಮೇಲೆ 7 ಬಂತು. ಅರ್ಧ ಲೀಟರೂ ಇರುತ್ತಲ್ಲ, ಅದಕ್ಕೆ ಪೂರ್ಣಾಂಕ ಅಂತ ಬರೆಯದೆ ದಶಮಾಂಶ ಅಂತ ಬರೆದೆ.

“ನಾಲ್ಕು ಸಾಲಿನ ಪ್ರೋಗ್ರಾಮಿಗೆ ಇಷ್ಟೆಲ್ಲ ಯಾಕೆ, ಸುಮ್ಮನೆ ಕೆಲಸ ಜಾಸ್ತಿ” ಅಂತ ಅಣ್ಣ ಹೇಳ್ತಾನೆ. ಆಟಕ್ಕೆ ಬರೆದದ್ದಾದರೆ ನಾನೂ ಒಪ್ತೀನಿ. ಆದರೆ ಇನ್ನೊಬ್ಬರ ದುಡ್ಡಿನ ಲೆಕ್ಕ ಮಾಡುವಾಗ ಒಪ್ಪಲ್ಲ. ಬಗೆ ಬರೆದರೆ ಎಲ್ಲ ತಪ್ಪೂ ಹೋಗಲ್ಲ, ನಿಜ. ಕೂಡಿಸುವ ಕಡೆ ಕಳೆದರೆ ಅದೇನು ಮಾಡೀತು? ಆದರೂ ಒಂದು ಜಾತಿಯ ತಪ್ಪು ಬಾಗಿಲಲ್ಲೇ ಸಿಕ್ಕಿಬೀಳುತ್ತೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಇದು ಮೇಲಲ್ಲವೇ?

ಆದ್ದರಿಂದ ಗೆಳೆಯ ಗೆಳತಿಯರೇ, ಚೀಟಿ ಬರೆಯಿರಿ, ಬರೆದ ಚೀಟಿಯನ್ನು ಓದಿಸಿರಿ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಏಳನೇ ತರಗತಿ ವಿದ್ಯಾರ್ಥಿನಿ, ಕೊಳಾಲ