ಮೆದುಳುಜ್ವರವೂ ಯಂತ್ರದ ಜಾತಕವೂ

ಜಪಾನೀ ಮೆದುಳುಜ್ವರವೆಂಬ ವ್ಯಾಧಿಯು ನಮ್ಮ ಹೊಸಕೋಟೆಗೆ ನೆರೆಯದಾದ ಕೋಲಾರದ ಸೀಮೆಯನ್ನು 1970ರ ದಶಕದ ಕೊನೆಯಲ್ಲಿಯೇ ಪೀಡಿಸಿದುದನ್ನು ಹಿರಿಯ ವಾಚಕರು ಬಲ್ಲರು. ಹಂದಿಗಳಲ್ಲಿಯೂ ಬೆಳ್ಳಕ್ಕಿಗಳಲ್ಲಿಯೂ ವೃದ್ಧಿಗೊಳ್ಳುವ ವಿಷಾಣುವು, ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಮಕ್ಕಳ ಮೈ ಸೇರುತ್ತದೆ. ಸೋಂಕು ತಗುಲಿದವರ ಪೈಕಿ ಬಹುಮಂದಿಗೆ ಏನೂ ತೋರದು. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಜ್ವರವು ಮೆದುಳಿಗೇರುತ್ತದೆ. ಏರಿದ ಮೇಲೆ 100ಕ್ಕೆ 30ರವರೆಗೆ ಮರಣವು ಸಂಭವಿಸಬಹುದು. ಬದುಕಿದವರಲ್ಲಿಯೂ 100ಕ್ಕೆ 30ರಿಂದ 50 ಮಂದಿಗೆ ಕೈಕಾಲು, ಮಾತು, ಬುದ್ಧಿಗಳ ಊನವು ಉಳಿಯುತ್ತದೆ. ವಿಷಾಣುವನ್ನೇ ಕೊಲ್ಲುವ ಔಷಧವು ಇಂದಿಗೂ ಇಲ್ಲ.

ಆದಕಾರಣವೇ ಎಂ.ಆರ್.ಐ. ಚಿತ್ರವನ್ನು ನೋಡಿ ಮಗುವಿನ ಗತಿಯನ್ನು ಮುಂದಾಗಿ ಹೇಳಬಹುದೇ ಎಂದು ವೈದ್ಯಮಹಾಶಯರು ಶೋಧಿಸುತ್ತಿರುವುದು. ಮೆದುಳಿನ ನಡುವಣ ಥಲಾಮಸ್ ಎಂಬ ಜೋಡಿ ಭಾಗಗಳೆರಡರಲ್ಲಿಯೂ ಕಾಣುವ ಊತವು ಈ ವ್ಯಾಧಿಯ ಮುಖ್ಯ ಗುರುತು, ಹಳೆಯ ಸಿ.ಟಿ. ಚಿತ್ರಕ್ಕೆ ತಪ್ಪುವುದೂ ಇದರಲ್ಲಿ ಸಿಕ್ಕುತ್ತದೆ. ರೋಗನಿರ್ಣಯಕ್ಕೆ ಇದು ಬಹು ಉಪಕಾರಿ. ಆದರೆ ಚಿತ್ರವೊಂದೇ ತೀರ್ಪಲ್ಲ. ಮಗುವಿನ ಎಚ್ಚರ, ಉಸಿರಾಟ, ಸೆಳವು ಇವುಗಳನ್ನು ಬಿಟ್ಟು ಅದನ್ನು ಓದತಕ್ಕದ್ದಲ್ಲ. (ಜಾತಕ ನೋಡುವವನ ದಕ್ಷಿಣೆಗಿಂತ ಈ ಯಂತ್ರದ ದಕ್ಷಿಣೆಯು ಬಹಳ ಹೆಚ್ಚು.)

ನಮ್ಮ ಭಯವೊಂದಿದೆ. ಚಿತ್ರವು ಕೆಟ್ಟುದಾಗಿದೆಯೆಂಬ ಒಂದು ಮಾತಿಗೆ ನೆಲಮಂಗಲದ ಕೂಲಿಗಾರನೊಬ್ಬನು ತನ್ನ ಮಗುವನ್ನು ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದರೆ, ಆ ಭವಿಷ್ಯವನ್ನು ನಾವೇ ನಿಜ ಮಾಡಿದಂತಾಯಿತು. ಊನವುಳಿದೀತೆಂದು ಮುಂಚೆಯೇ ತಿಳಿದರೆ ಆರೈಕೆಯು ಹೆಚ್ಚಬೇಕೇ ಹೊರತು ಹಾಸಿಗೆಯು ಬರಿದಾಗಬಾರದು. ನುಂಗುವುದು, ಕುಳಿತುಕೊಳ್ಳುವುದು, ಮಾತನಾಡುವುದು ಇವುಗಳ ಅಭ್ಯಾಸವು ಆಸ್ಪತ್ರೆಯಲ್ಲಿಯೇ ಆರಂಭವಾಗಿ ಊರಿನಲ್ಲಿ ತಿಂಗಳುಗಟ್ಟಲೆ ನಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ನಾಲ್ಕು ತಾಲ್ಲೂಕುಗಳಿಗೂ ಸಮೀಪವೇ. ಆದರೂ ದೇವನಹಳ್ಳಿಯ ಹಳ್ಳಿಯಿಂದ ವಾರಕ್ಕೆರಡಾವರ್ತಿ ಮಗುವನ್ನು ಹೊತ್ತು ಹೋಗುವವರಿಗೆ ದಿನಗೂಲಿಯ ನಷ್ಟವನ್ನು ಯಾರು ತುಂಬುವರು?

1955ರಲ್ಲಿ ವೆಲ್ಲೂರಿನ ಕಡೆ ಗುರುತಿಸಲ್ಪಟ್ಟ ಈ ವ್ಯಾಧಿಗೆ ಲಸಿಕೆಯುಂಟು. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರದವರು 1ರಿಂದ 15 ವರ್ಷದ ಮಕ್ಕಳಿಗಾಗಿ ವಿಶೇಷ ಅಭಿಯಾನವನ್ನು ಹೂಡಿದರು. ಅದು ಶ್ಲಾಘ್ಯ. ಜ್ವರದೊಡನೆ ಸೆಳವು ಕಂಡ ಮಗುವನ್ನು ಚಿತ್ರಕ್ಕೆ ಕಾಯಿಸದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸುವ ಏರ್ಪಾಡನ್ನೂ, ದೊಡ್ಡಬಳ್ಳಾಪುರ ಮೊದಲಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಗಸಾಧನೆಯ ಶಿಕ್ಷಕರನ್ನೂ ಜಿಲ್ಲಾ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಒದಗಿಸತಕ್ಕದ್ದೆಂದು ಕೋರುತ್ತೇವೆ.