ಕೊಟ್ಟ ಮಾತಿನ ಮನೆ

ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ನಾರಾಯಣ ನೇತ್ರಾಲಯವೆಂಬ ಕಣ್ಣಿನ ಆಸ್ಪತ್ರೆಯೊಂದಿದೆ. ಅಲ್ಲಿಂದ ವಾಯವ್ಯ ದಿಕ್ಕಿನಲ್ಲಿ ಸ್ವಲ್ಪ ದೂರ ಸಾಗಿದರೆ ಕಂಠೀರವ ಸ್ಟುಡಿಯೋ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಸ್ಟುಡಿಯೋದ ಆವರಣಕ್ಕೆ ಬರುವ ಸಂಸಾರವಂದಿಗರು ಮೊದಲು ಡಾ. ರಾಜಕುಮಾರರಿಗೆ ಕೈಮುಗಿಯುತ್ತಾರೆ, ಬಳಿಕ ಪುನೀತರಿಗೆ ಕಣ್ಣೀರು ಮಿಡಿಯುತ್ತಾರೆ. ಅವರಿಬ್ಬರ ಸನಿಹದಲ್ಲಿಯೇ ಇನ್ನೊಂದು ಸಮಾಧಿಯಿದೆ. ನೆಂಟರು ಬಂದ ಮನೆಯಲ್ಲಿಯೂ ಹೀಗೆಯೇ ಅಲ್ಲವೆ? ಯಜಮಾನನೊಡನೆ ಮಾತು, ಮಕ್ಕಳೊಡನೆ ಮುದ್ದು. ಒಲೆಯ ಮುಂದಿರುವ ತಾಯಿಯ ನೆನಪಾಗುವುದು ಎಲೆಯ ಮುಂದೆ ಕುಳಿತಾಗ.

ಪಾರ್ವತಮ್ಮನವರು ಹುಟ್ಟಿದುದು 1939ರ ಡಿಸೆಂಬರ್ 6ರಂದು, ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ. 1953ರ ಜೂನ್ 25ರಂದು ಅವರ ಕೈಹಿಡಿದ ಮುತ್ತುರಾಜರು ಆಗ ನಾಟಕದ ನಟರು. ವಧುವಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ, ವರನಿಗೆ ಇಪ್ಪತ್ತನಾಲ್ಕು. ಮರುವರ್ಷ 'ಬೇಡರ ಕಣ್ಣಪ್ಪ' ತೆರೆಗೆ ಬಂದಿತು, ಮುತ್ತುರಾಜರು ರಾಜಕುಮಾರರಾದರು. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲವದು. ಹಳ್ಳಿಯಿಂದ ಬಂದ ಎಳೆಯ ಸೊಸೆ ಭಾಷೆಯರಿಯದ ಊರಿನಲ್ಲಿ, ಬಂಧುಗಳಿಂದ ತುಂಬಿದ ಒಟ್ಟುಕುಟುಂಬದಲ್ಲಿ ಸಂಸಾರ ಹೂಡಿದರು. ಶಿವರಾಜಕುಮಾರ್, ರಾಘವೇಂದ್ರ, ಪುನೀತ್, ಲಕ್ಷ್ಮಿ, ಪೂರ್ಣಿಮಾ ಎಂದು ಐವರು ಮಕ್ಕಳಿಗೆ ತಾಯಿಯಾದರು.

ಕಲಾವಿದನ ಮನೆಯ ಗಳಿಕೆ ಮಳೆಯನ್ನು ನಂಬಿದ ಹೊಲದಂತೆ. ಒಂದು ವರ್ಷ ಹುಲುಸು, ಮರುವರ್ಷ ಬರ. ಅಂತಹ ಮನೆಯಲ್ಲಿ ಉಗ್ರಾಣದ ಬೀಗದ ಕೈ ಹಿಡಿದವಳು ಇಂದಿನ ಅಕ್ಕಿಯನ್ನು ಅಳೆಯುವಾಗಲೇ ನಾಳೆಯ ಅಕ್ಕಿಯನ್ನೂ ಎಣಿಸಬೇಕಾಗುತ್ತದೆ. ಆ ಎಣಿಕೆಯನ್ನು ಪಾರ್ವತಮ್ಮನವರು ಅಡಿಗೆಮನೆಯ ಹೊಸಿಲಿಗೇ ನಿಲ್ಲಿಸಲಿಲ್ಲ. 1975ರಲ್ಲಿ 'ತ್ರಿಮೂರ್ತಿ' ಚಿತ್ರದೊಡನೆ ಅವರು ನಿರ್ಮಾಪಕಿಯಾದರು. ಚಿತ್ರ ತಯಾರಿಸುವುದೆಂದರೆ ಒಂದು ಟಿಕೆಟ್ಟೂ ಮಾರಾಟವಾಗುವ ಮುನ್ನವೇ ಹಣವನ್ನೆಲ್ಲ ಸುರಿದು, ಜನರ ಮನಸ್ಸು ಯಾವ ಕಡೆಗೆ ವಾಲುವುದೋ ಎಂದು ಕಾದು ಕುಳಿತುಕೊಳ್ಳುವುದು. ಅನುಭವಿಗಳೇ ಮನೆಮಾರು ಕಳೆದುಕೊಂಡ ಈ ವ್ಯವಹಾರದಲ್ಲಿ ಅವರು ಸುಮಾರು 80 ಚಿತ್ರಗಳನ್ನು ನಿರ್ಮಿಸಿದರು. ಹೆಣ್ಣೊಬ್ಬಳು ನಿರ್ಮಾಪಕರ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಕಥೆಗಳನ್ನು ಅವರು ಆರಿಸಿದರು. ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ 'ವ್ಯಾಪ್ತಿ ಪ್ರಾಪ್ತಿ' 1992ರಲ್ಲಿ 'ಜೀವನ ಚೈತ್ರ'ವಾಗಿ ತೆರೆಯ ಮೇಲೆ ಬಂದಾಗ ಹೆಂಡದ ಪಿಡುಗಿನ ವಿರುದ್ಧ ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಮಾತನಾಡಿದರು. ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯೊಂದು 1996ರಲ್ಲಿ 'ಜನುಮದ ಜೋಡಿ'ಯಾಗಿ ಕನ್ನಡದ ಮಣ್ಣಿನ ಕಥೆಯೇ ಆಯಿತು. 'ಆನಂದ್' ಚಿತ್ರದ ಸುಧಾರಾಣಿ, 'ನಂಜುಂಡಿ ಕಲ್ಯಾಣ'ದ ಮಾಲಾಶ್ರೀ, 'ಅಪ್ಪು'ವಿನ ರಕ್ಷಿತಾ, 'ಅಭಿ'ಯ ರಮ್ಯಾ: ಇವರೆಲ್ಲ ಈ ಮನೆಯ ಚಿತ್ರಗಳಿಂದ ನಾಯಕಿಯರಾಗಿ ಬೆಳಕಿಗೆ ಬಂದವರು. ಸೊಸೆಯನ್ನು ನೋಡಲು ಹೋದ ಅತ್ತೆಯ ಕಣ್ಣು ಅವರಿಗಿತ್ತೆಂದರೆ ತಪ್ಪಾಗಲಾರದು. ಹಣದ ವಿಷಯದಲ್ಲಿ ಅವರು ಕಟ್ಟುನಿಟ್ಟಿನವರೆಂಬ ಮಾತೂ ಇತ್ತು. ಲೆಕ್ಕ ಕೇಳುವಾಕೆ ಯಾವ ಮನೆಯಲ್ಲಿ ತಾನೆ ಮೃದುವೆನಿಸಿಕೊಂಡಾಳು? ಗಂಡ ಎಲ್ಲರಿಗೂ ಕೈಮುಗಿದು 'ದೇವರು' ಎನಿಸಿಕೊಳ್ಳಬೇಕಾದರೆ ಹೆಂಡತಿ ಯಾರಿಗಾದರೂ 'ಇಲ್ಲ' ಎನ್ನಲೇಬೇಕಾಗುತ್ತದೆ.

ಆ ಗಟ್ಟಿತನದ ಪರೀಕ್ಷೆ 2000ದ ಜುಲೈ 30ರ ರಾತ್ರಿ ನಡೆಯಿತು. ಗಾಜನೂರಿನ ಮನೆಗೆ ನುಗ್ಗಿದ ವೀರಪ್ಪನ್ ರಾಜಕುಮಾರರನ್ನೂ ಇನ್ನು ಮೂವರನ್ನೂ ಕಾಡಿಗೆ ಒಯ್ದನು. ಮುಖ್ಯಮಂತ್ರಿಗಳಿಗೆ ತಲುಪಿಸಬೇಕೆಂದು ಒಂದು ಕ್ಯಾಸೆಟ್ಟನ್ನು ಪಾರ್ವತಮ್ಮನವರ ಕೈಗಿತ್ತನು. ಕಣ್ಣೆದುರೇ ಗಂಡನನ್ನು ಕಳೆದುಕೊಂಡ ಅರುವತ್ತು ವರ್ಷದ ಆ ತಾಯಿ ಕುಸಿದು ಕುಳಿತುಕೊಳ್ಳಲಿಲ್ಲ. ಇರುಳಿನಲ್ಲಿಯೇ ಹೊರಟು ಬೆಂಗಳೂರಿಗೆ ಬಂದು ಎಸ್. ಎಂ. ಕೃಷ್ಣ ಅವರಿಗೆ ಅದನ್ನು ಒಪ್ಪಿಸಿದರು. ಬಳಿಕ 108 ದಿನಗಳ ಕಾಲ ನಾಡು ಉಸಿರು ಬಿಗಿಹಿಡಿದಿತ್ತು. ನವೆಂಬರ್ 15ರಂದು ರಾಜಕುಮಾರರು ಬಿಡುಗಡೆ ಹೊಂದಿದರು. ಆ ನೂರೆಂಟು ದಿನಗಳಲ್ಲಿಯೂ ಮನೆಯ ಒಲೆ ಆರದಂತೆ, ಮಕ್ಕಳ ಧೈರ್ಯ ಕುಂದದಂತೆ ನೋಡಿಕೊಳ್ಳುವ ಹೊಣೆ ಮನೆಯ ಹಿರಿಯಳದಾಗಿದ್ದಿತು.

ಮನೆಯ ಹೊರಗೂ ಅವರ ಮಡಿಲು ಚಾಚಿತ್ತು. ದಿಕ್ಕಿಲ್ಲದ ಹೆಣ್ಣುಮಕ್ಕಳ ಆಶ್ರಯಕ್ಕಾಗಿ 1997ರಲ್ಲಿ ಮೈಸೂರಿನಲ್ಲಿ ಆರಂಭವಾದ 'ಶಕ್ತಿಧಾಮ'ವನ್ನು ಅವರು ಅಧ್ಯಕ್ಷೆಯಾಗಿ ನಡೆಸಿದರು. 2012ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಆದರೆ ಈ ಮನೆಯ ನಿಜವಾದ ಕಥೆ ರಾಜಾಜಿನಗರದ ಆ ಕಣ್ಣಾಸ್ಪತ್ರೆಗೆ ಸೇರಿದುದು. 1994ರಲ್ಲಿ ಅಲ್ಲಿ ಡಾ. ರಾಜಕುಮಾರ್ ನೇತ್ರಭಂಡಾರ ಪ್ರಾರಂಭವಾದಾಗ ರಾಜಕುಮಾರರು ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. ಈ ಮಾತಿನ ವಿಶೇಷವೆಂದರೆ, ಕೊಟ್ಟವರು ಅದನ್ನು ತಾವೇ ನಡೆಸಲಾರರು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಸಾವಿನ ಬಳಿಕ ಆರು ಗಂಟೆಯೊಳಗಾಗಿ ತೆಗೆಯಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿರುವುದು ಗೋಳು, ನೆರೆದ ಜನ, ಶಾಸ್ತ್ರದ ಚರ್ಚೆ. ದುಃಖವನ್ನು ಒಂದು ಗಳಿಗೆ ಬದಿಗಿರಿಸಿ ಯಾರಾದರೊಬ್ಬರು ಆಸ್ಪತ್ರೆಗೆ ಹೇಳಿಕಳುಹಿಸಬೇಕು. ಎಷ್ಟೋ ಮನೆಗಳಲ್ಲಿ ಬರೆದುಕೊಟ್ಟ ಪತ್ರ ಪೆಟ್ಟಿಗೆಯ ತಳದಲ್ಲಿ ಉಳಿದು, ಕಣ್ಣುಗಳು ಮಣ್ಣಾಗುವುದು ಈ ಗಳಿಗೆ ತಪ್ಪಿಹೋದುದರಿಂದಲೇ.

2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡಾಗ ಬೆಂಗಳೂರು ಕದಡಿಹೋಗಿತ್ತು. ಬೀದಿಗಳಲ್ಲಿ ಜನಸಾಗರ, ಎಲ್ಲೆಲ್ಲೂ ಗೊಂದಲ. ಆ ಗೊಂದಲದಲ್ಲಿಯೂ ಮಾತು ನಡೆಯಿತು. 2017ರ ಮೇ 31ರಂದು ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಪಾರ್ವತಮ್ಮನವರು ಕಣ್ಮುಚ್ಚಿದಾಗ ಮಕ್ಕಳು ತಾಯಿಯ ಕಣ್ಣುಗಳನ್ನು ಕೊಟ್ಟರು. ಅಂದೇ ಅವರನ್ನು ಪತಿಯ ಮಗ್ಗುಲಲ್ಲಿ ಮಣ್ಣುಮಾಡಿದರು. 2021ರ ಅಕ್ಟೋಬರ್ 29ರಂದು, ಇನ್ನೂ 46ರ ವಯಸ್ಸಿನಲ್ಲಿ, ಕಿರಿಯ ಮಗ ಪುನೀತ್ ಹಠಾತ್ತನೆ ಹೋದಾಗ ಮಾತು ಕಲಿಸಿದ ತಂದೆಯೂ ಇರಲಿಲ್ಲ, ಬೀಗದ ಕೈ ಹಿಡಿದ ತಾಯಿಯೂ ಇರಲಿಲ್ಲ. ಸಿಡಿಲು ಬಡಿದಂತಹ ಆ ಮಧ್ಯಾಹ್ನದಲ್ಲಿ ಮನೆಯವರು ಮರೆತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮರೆಯಲಿಲ್ಲ. ವೈದ್ಯರು ಪಟಲದ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು.

ಹಿರಿಯಳೊಬ್ಬಳು ಬಿಟ್ಟುಹೋದ ಆಸ್ತಿ ಯಾವುದೆಂದು ಕೇಳಿದರೆ ಒಡವೆ, ಮನೆ, ಹೆಸರುಗಳನ್ನು ಎಣಿಸುವುದು ವಾಡಿಕೆ. ಆಕೆ ಇಲ್ಲದ ದಿನ ಆಕೆಯ ಮನೆ ಹೇಗೆ ನಡೆದುಕೊಂಡಿತೆಂಬುದು ಅದಕ್ಕಿಂತ ದೊಡ್ಡ ಲೆಕ್ಕ. ಕಂಠೀರವ ಸ್ಟುಡಿಯೋಕ್ಕೆ ಹೋದವರು ಈ ಸಲ ಪಾರ್ವತಮ್ಮನವರ ಮುಂದೆಯೂ ಒಂದು ಗಳಿಗೆ ಹೆಚ್ಚಾಗಿ ನಿಲ್ಲಬಹುದು. ಹಿಂದಿರುಗುವ ದಾರಿಯಲ್ಲಿ ರಾಜಾಜಿನಗರ ಸಿಕ್ಕುತ್ತದೆ. ಮನೆಗೆ ಬಂದಮೇಲೆ, ರಾತ್ರಿಯ ಊಟದ ಹೊತ್ತಿಗೆ, ಅಜ್ಜಿಯ ಎದುರಿನಲ್ಲಿಯೇ ಈ ಮಾತನ್ನೆತ್ತಿದರೆ ಅಶುಭವೆಂದು ಯಾರಾದರೂ ಗದರಿಸಬಹುದು. ಅಜ್ಜಿ ಮಾತ್ರ ಗದರಿಸಲಾರಳು.