ನಿವೃತ್ತಿಯಾದ ಮೇಲೆ ಊರಿಗೆ ಹೋಗುವಿರಾ? ಮನೆಗಿಂತ ಮೊದಲು ರಸ್ತೆ ನೋಡಿ



ಮುಂಬೈ, ಪುಣೆ ಕಡೆಯ ನಮ್ಮ ಕನ್ನಡಿಗರು ಅರವತ್ತು ಸಮೀಪಿಸಿದಾಗ, ಬಿಪಿ ನೋಡಿಸಿಕೊಂಡು ಏಳುವ ಹೊತ್ತಿಗೆ ಕೇಳುವ ಮಾತು ಒಂದಿದೆ: "ಡಾಕ್ಟ್ರೇ, ಇನ್ನು ಊರಿಗೆ ಹೋಗಿ ಇದ್ದುಬಿಡಬಹುದಾ?" ಡೊಂಬಿವಲಿಯ ಫ್ಲ್ಯಾಟ್ ಮಾರಿ ಊರಲ್ಲಿ ಮನೆ ಕಟ್ಟಿಸುವ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತದೆ. ಬಾವಿ ನೀರು, ಒಳ್ಳೆಯ ಗಾಳಿ, ನೆಮ್ಮದಿ. ಎಲ್ಲವೂ ನಿಜ, ಹೋಗಿ ಎಂದೇ ಹೇಳುತ್ತೇನೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ, ಶುಗರ್ ಇರುವವರು ವಾಸ್ತು ನೋಡುವ ಮೊದಲು ರಸ್ತೆ ನೋಡಬೇಕು.

ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಸ್ನಾಯು ಸಾಯಲು ಶುರುವಾಗುತ್ತದೆ. ಇಸಿಜಿಯಲ್ಲಿ ಅದು ಗೊತ್ತಾದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ಮುಂದಕ್ಕೆ ಕಳಿಸಬೇಕು.

ಈಗ ಶೃಂಗೇರಿ ಸುತ್ತಿನ ಒಂದು ತೋಟದ ಮನೆ ಯೋಚಿಸಿ. ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲ ಸೇರಬೇಕು. ಆಂಬುಲೆನ್ಸ್ ಬಂದು ಹತ್ತಿಸಿಕೊಳ್ಳುವ ಹೊತ್ತೂ ಸೇರಿದರೆ ಹಗಲಲ್ಲೇ ಎರಡು ಗಂಟೆ ಮೀರುತ್ತದೆ. ಜುಲೈ ತಿಂಗಳ ರಾತ್ರಿಯಾದರೆ? ಮರ ಬಿದ್ದಿರುತ್ತದೆ, ಕರೆಂಟ್ ಇಲ್ಲ, ಟವರ್ ಇಲ್ಲ. ಶಿರಾಡಿ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ಸುದ್ದಿ ನೀವೂ ನೋಡಿದ್ದೀರಿ. (ಮುಂಬೈಯಲ್ಲಿ ಟ್ರಾಫಿಕ್ ಇಲ್ಲವೇ ಎನ್ನಬೇಡಿ, ಇಲ್ಲಿ ರಾತ್ರಿ ಎರಡು ಗಂಟೆಗೂ ರಿಕ್ಷಾ ಸಿಗುತ್ತದೆ.)

ಪರಿಸ್ಥಿತಿ ಮೊದಲಿನಷ್ಟು ಕೆಟ್ಟಿಲ್ಲ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಜಯದೇವ ಆಸ್ಪತ್ರೆ ಮೈಸೂರು, ಕಲಬುರಗಿಯಲ್ಲೂ ಇದೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ನೀವೇ ಹೋಗಿ, ಈ ಇಂಜೆಕ್ಷನ್ ಇದೆಯೇ, ರಾತ್ರಿ ಕೊಡುವವರಿದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ ತೋಟ ಊರಲ್ಲೇ ಇರಲಿ, ವಾಸ ಉಡುಪಿ, ಶಿವಮೊಗ್ಗ, ಹುಬ್ಬಳ್ಳಿಯಂಥ ಕಡೆ ಇರಲಿ. ಹಬ್ಬಕ್ಕೆ, ಕೊಯ್ಲಿಗೆ ಹೋಗಿ ಬನ್ನಿ.

ಸಂಗಾತಿ ತೀರಿಕೊಂಡು ಒಬ್ಬರೇ ಆಗಿರುವವರಿಗೆ ನನ್ನ ಮಾತು ಬೇರೆ. ಬೆಳಿಗ್ಗೆ ಎಂಟಾದರೂ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದ್ದರೆ ಬೆಲ್ ಒತ್ತಿ ನೋಡುವ ನೆರೆಯವರು ಎಲ್ಲಿದ್ದಾರೋ ಅಲ್ಲೇ ಇರಿ. ಮೂವತ್ತು ವರ್ಷ ಬಳಕೆಯ ಡೊಂಬಿವಲಿಯ ಬಿಲ್ಡಿಂಗ್‌ನಲ್ಲಿ ಅಂಥವರು ಇರುತ್ತಾರೆ. ಊರಲ್ಲಿ ಅಣ್ಣ ತಮ್ಮಂದಿರೇ ಬೆಂಗಳೂರು ಸೇರಿರುತ್ತಾರೆ.

ಹೋಗುವುದೇ ಆದರೆ ಫ್ಲ್ಯಾಟ್ ಈಗಲೇ ಮಾರಬೇಡಿ. ಒಂದು ಮಳೆಗಾಲ ಅಲ್ಲಿ ಕಳೆದು ನೋಡಿ. ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟ್ ಕಾರ್ಡ್, ಹಳೆಯ ಇಸಿಜಿಯ ಫೋಟೋ ಮೊಬೈಲ್‌ನಲ್ಲಿರಲಿ. ಹೊಸ ಡಾಕ್ಟರಿಗೆ ಹೋಲಿಸಿ ನೋಡಲು ಹಳೆಯ ಇಸಿಜಿ ಬೇಕೇ ಬೇಕು. ಅಸಲು ಕಾಗದಗಳನ್ನು ಸಾಮಾನು ಸಾಗಿಸುವ ಲಾರಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.